ದಾವಣಗೆರೆಯಲ್ಲಿ ಮಾಡಿಸಿದ ಮದುವೆಯ ಮೇಣದಬತ್ತಿ

ಅಣ್ಣನ ಮಗಳ ಮದುವೆಗೆ ವಧೂವರರಿಬ್ಬರೂ ಕೂಡಿ ಬೆಳಗಿಸುವ ಅಲಂಕೃತ ಮೇಣದಬತ್ತಿಯನ್ನು ಬೆಂಗಳೂರಿನಿಂದ ತರಿಸದೆ, ದಾವಣಗೆರೆಯ ವಿದ್ಯಾನಗರದಲ್ಲಿ ಮನೆಯಲ್ಲಿಯೇ ಈ ಕೆಲಸ ಮಾಡುವ ಮಹಿಳೆಯೊಬ್ಬರಿಂದ ಮಾಡಿಸಿದೆವು. ನಡುವೆ ನಿಲ್ಲುವ 3 ಅಂಗುಲ ದಪ್ಪದ, 9 ಅಂಗುಲ ಎತ್ತರದ ಒಂದು ಬತ್ತಿ, ಅದರ ಎರಡೂ ಪಕ್ಕಕ್ಕೆ ತಾಯಂದಿರು ಹೊತ್ತಿಸುವ ಎರಡು ತೆಳುವಾದ ಉದ್ದನೆಯ ಬತ್ತಿಗಳು, ಎಲ್ಲ ಸೇರಿ 1,800 ರೂಪಾಯಿ ಆಯಿತು.

ಅವರು ಮೊದಲು ಕೇಳಿದ್ದು ಬಣ್ಣವನ್ನಲ್ಲ, ಚರ್ಚಿನಲ್ಲಿ ಗುರುಗಳ ಒಪ್ಪಿಗೆ ಪಡೆದಿದ್ದೀರಾ ಎಂದು. ಕ್ಯಾಥೊಲಿಕ್ ವಿವಾಹವಿಧಿಯಲ್ಲಿ ಈ ದೀಪಕ್ಕೆ ನಿಗದಿತ ಸ್ಥಾನವಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ರೂಢಿಗೆ ಬಂದು ಅಲ್ಲಿಂದ ಹರಡಿದ ಪದ್ಧತಿ ಇದು. ನಮ್ಮ ಗುರುಗಳು ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ (ಮಾಸ್) ಮುಗಿದ ಮೇಲೆ ಬೆಳಗಿಸಲು ಸಂತೋಷದಿಂದ ಒಪ್ಪಿದರು.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಅಲಂಕಾರವೆಲ್ಲವೂ ಮೇಣದ್ದೇ ಆಗಿದ್ದುದು. ಪೇಟೆಯಲ್ಲಿ ಸಿಗುವ, ವಧೂವರರ ಹೆಸರು ಹಾಕಿದ ಬತ್ತಿಗಳಲ್ಲಿ ಹೆಚ್ಚಿನವು ಮುದ್ರಿಸಿದ ಕಾಗದ, ಜರಿಪಟ್ಟಿ, ಪ್ಲಾಸ್ಟಿಕ್ ಮುತ್ತುಗಳನ್ನು ಅಂಟಿಸಿದವು. ಜ್ವಾಲೆ ಕೆಳಗಿಳಿದಾಗ ಅವು ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅವುಗಳನ್ನು ನೆಮ್ಮದಿಯಿಂದ ಉರಿಸುವಂತಿಲ್ಲ. ಇವರು ಬಣ್ಣ ಬೆರೆಸಿದ ತೆಳುವಾದ ಮೇಣದ ಹಾಳೆಯನ್ನು ಸಣ್ಣ ಚಾಕುವಿನಿಂದ ಕತ್ತರಿಸಿ, ಅಂಗೈಯ ಬಿಸಿಯಿಂದಲೇ ಮೆದುವಾಗಿಸಿ ಬತ್ತಿಯ ಮೈಗೆ ಒತ್ತಿ ಕೂರಿಸುತ್ತಾರೆ. ಈಸ್ಟರ್ ಜಾಗರಣೆಯಂದು ಬೆಳಗಿಸುವ ದೊಡ್ಡ ಬತ್ತಿಯ ಮೇಲೆ ಶಿಲುಬೆಯ ಸುತ್ತ ಆ ವರ್ಷದ ಅಂಕಿಗಳಿರುವಂತೆ, ಇಲ್ಲಿಯೂ ಶಿಲುಬೆಯ ಸುತ್ತ ಮದುವೆಯ ವರ್ಷದ ನಾಲ್ಕು ಅಂಕಿಗಳನ್ನು ಇಟ್ಟಿದ್ದರು. ಬುಡದಲ್ಲಿ ವಧುವಿನ ಅಜ್ಜಿಯ ಇಳಕಲ್ ಸೀರೆಯ ತೋಪುತೆನೆ ಸೆರಗನ್ನು ನೋಡಿಕೊಂಡು, ಅದೇ ಕೆಂಪು ಮತ್ತು ಬಿಳಿ ಬಣ್ಣದಲ್ಲಿ ಒಂದು ಸುತ್ತು ಹಾಕಿದ್ದರು. ಆ ಸುತ್ತನ್ನು ಗುರುತಿಸಿದ ಅಜ್ಜಿ ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದರು.

ಹೆಸರುಗಳನ್ನು ಕನ್ನಡದಲ್ಲಿಯೇ ಬರೆಸಿದೆವು. ಇದು ಸುಲಭದ ಕೆಲಸವಲ್ಲ. ಅಕ್ಷರದ ದುಂಡು, ಒಳಗಿನ ಸಣ್ಣ ಖಾಲಿ ಜಾಗ, ಕೆಳಗೆ ತೂಗುವ ಒತ್ತು ಇವೆಲ್ಲವೂ ಮೇಣದ ಹಾಳೆಯಲ್ಲಿ ಹರಿಯದೆ ಉಳಿಯಬೇಕು. ಒತ್ತುಗಳನ್ನು ಬೇರೆಯಾಗಿ ಕತ್ತರಿಸಿ ಆಮೇಲೆ ಜೋಡಿಸಿದ್ದರಿಂದ ಸಾಲು ನೇರವಾಗಿ ಬಂದಿತ್ತು. ವರನ ಹೆಸರಿನ ದೀರ್ಘವೊಂದು ತುಸು ಮೇಲಕ್ಕೆ ಸರಿದಿತ್ತೆಂಬುದನ್ನು ಬಿಟ್ಟರೆ ಅಕ್ಷರಗಳಲ್ಲಿ ದೋಷ ಕಾಣಲಿಲ್ಲ.

ಮೇ ತಿಂಗಳ ದಾವಣಗೆರೆಯ ಬಿಸಿಲನ್ನು ಮೇಣ ತಡೆದೀತೇ ಎಂಬ ಅಳುಕು ನಮಗಿತ್ತು. ಪ್ಯಾರಾಫಿನ್ ಮೇಣ ಕರಗಲು ಸಾಮಾನ್ಯವಾಗಿ 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕಾದರೂ ತೆಳುವಾದ ಬತ್ತಿ ಅದಕ್ಕಿಂತ ಬಹಳ ಮೊದಲೇ ಮೆದುವಾಗಿ ಬಾಗಿಬಿಡುತ್ತದೆ. ಗಡಸುತನಕ್ಕಾಗಿ ಅವರು ಸ್ಟಿಯರಿಕ್ ಆಮ್ಲ ಬೆರೆಸಿದ್ದರು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಮಲಗಿಸಿ ಒಯ್ಯಿರಿ ಎಂದು ಹೇಳಿಕೊಟ್ಟರು. ಹಾಗೆಯೇ ಮಾಡಿದೆವು, ಮೂರೂ ಬತ್ತಿಗಳು ನೆಟ್ಟಗೆ ಉಳಿದವು.

ಆದರೆ ಫ್ಯಾನಿನ ಮಾತನ್ನು ಅವರು ಹೇಳಿರಲಿಲ್ಲ. ಗಾಳಿಗೆ ಜ್ವಾಲೆ ಒಂದೇ ಕಡೆಗೆ ವಾಲಿ, ಮೇಣ ಆ ಬದಿಯಿಂದ ಇಳಿದು ಅಂಕಿಯೊಂದರ ಮೇಲೆ ಹರಿಯಿತು. ತಾಯಂದಿರ ಕೈಗೆ ಬಿಸಿ ಮೇಣ ತೊಟ್ಟಿಕ್ಕದಂತೆ ತೆಳುವಾದ ಬತ್ತಿಗಳಿಗೆ ಹಾಕುವ ರಟ್ಟಿನ ಬಿಲ್ಲೆಗಳನ್ನೂ ಕೊಟ್ಟಿರಲಿಲ್ಲ. ಇಷ್ಟು ಹಣ ಪಡೆಯುವವರು ಅವನ್ನು ಡಬ್ಬಿಯಲ್ಲಿಯೇ ಇಟ್ಟು ಕೊಡಬೇಕು ಎಂಬುದು ನನ್ನ ಆಗ್ರಹ.

ಉರಿಯುವ ಗುಣದಲ್ಲಿ ಮಾತ್ರ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ. ದಪ್ಪಕ್ಕೆ ತಕ್ಕ ನೂಲಿನ ಬತ್ತಿ ಇಲ್ಲದಿದ್ದರೆ ಮೇಣ ನಡುವೆಯಷ್ಟೇ ಕರಗಿ ಆಳದ ಕುಳಿ ಬೀಳುತ್ತದೆ, ಆಮೇಲೆ ಜ್ವಾಲೆ ಮುಳುಗಿ ಆರುತ್ತದೆ. ಮೊದಲ ಸಲ ಉರಿಸುವಾಗ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ಗಂಟೆಯಂತೆ ಬಿಡಬೇಕೆಂಬುದು ಮೇಣದಬತ್ತಿ ತಯಾರಿಸುವವರ ಲೆಕ್ಕ. ಚರ್ಚಿನಲ್ಲಿ ಉರಿಯುವ ಅಲ್ಪ ಹೊತ್ತು ಇದಕ್ಕೆ ಸಾಲುವುದಿಲ್ಲ. ಅವರ ಸಲಹೆಯಂತೆ ಅದೇ ಸಂಜೆ ಆರತಕ್ಷತೆಯಲ್ಲಿ, ಗಾಳಿಯಿಲ್ಲದ ಮೂಲೆಯಲ್ಲಿಟ್ಟು ಮೂರು ಗಂಟೆ ಉರಿಸಿದೆವು. ಮೇಣ ಸಮನಾಗಿ ಕರಗಿತು, ಹೊರಗಿನ ಗೋಡೆ ತೆಳುವಾಗಿ ನಿಂತು ಅದರ ಮೂಲಕ ಬೆಳಕು ಹೊಮ್ಮಿತು. ವಾರ್ಷಿಕೋತ್ಸವದಂದು ಮತ್ತೆ ಹೊತ್ತಿಸುವ ಮುನ್ನ ನೂಲನ್ನು ಕಾಲು ಅಂಗುಲಕ್ಕೆ ಕತ್ತರಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.

ಮಾಡಿಸುವವರು ಮದುವೆಗೆ ಒಂದು ತಿಂಗಳು ಮೊದಲೇ ಹೇಳುವುದು ಒಳ್ಳೆಯದು. ಹೆಸರುಗಳನ್ನು ಮೊದಲು ಕಾಗದದ ಮೇಲೆ ಬರೆಸಿ, ಎರಡೂ ಮನೆಯವರು ನೋಡಿ ಒಪ್ಪಿದ ಮೇಲೆಯೇ ಮೇಣದಲ್ಲಿ ಕತ್ತರಿಸಲು ಹೇಳಿ.