ಅಪಾಚೆಯೋ ಎಂಜಿನ್‌ಎಕ್ಸೋ, ಮರಿಯಾಡಿಬಿಯೋ ಪೋಸ್ಟ್‌ಗ್ರೆಸ್ಸೋ: ನೀರ್ಚಾಲಿನ ಒಂದು ಹಳೇ ಕಂಪ್ಯೂಟರಿನಲ್ಲಿ

ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ನಮ್ಮದೊಂದು ಸಣ್ಣ ವಾಚನಾಲಯ ಇದೆ. ಪುಸ್ತಕ 4,200ರ ಆಸುಪಾಸು. ಮುಕ್ಕಾಲು ಪಾಲು ಕನ್ನಡ, ಉಳಿದದ್ದು ಮಲಯಾಳ, ಒಂದು ಕಪಾಟು ತುಳು. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿ, ವೈಫೈಗೆ ಸೇರಿಕೊಂಡವರು ಮೊಬೈಲಿನಲ್ಲೇ ಹುಡುಕುವ ಹಾಗೆ ಮಾಡಿಕೊಡು ಅಂತ ಮಾಷ್ಟ್ರು ಹೇಳಿದರು. ಇದ್ದದ್ದು ಯಾರೋ ದಾನ ಕೊಟ್ಟ ಡೆಸ್ಕ್‌ಟಾಪ್, 2 ಜಿಬಿ ರ‍್ಯಾಮ್. ಅದಕ್ಕೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆ. ಲಿನಕ್ಸ್ ಅಂದರೆ ಇಲ್ಲಿ ಯಾರೂ ಹೆದರುವುದಿಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಉಬುಂಟುವಿನ ಮೇಲೆ, ಕನ್ನಡ ಮೀಡಿಯಂ ಮಕ್ಕಳಿಗೂ ಅದೇ.

ವಾಚನಾಲಯಗಳಿಗೆಂದೇ ಇರುವ ಕೋಹಾ ತಂತ್ರಾಂಶ ಹಾಕಬಹುದಿತ್ತಲ್ವಾ ಅಂತ ಕೇಳುವವರಿಗೆ: ಈ ರ‍್ಯಾಮಿಗೆ ಅದು ಭಾರ. ಹಾಗಾಗಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ನಾಲ್ಕು ಪುಟ ಬರೆದೆ. ಅದರ ಕೆಳಗೆ ಪುಟವನ್ನು ಮೊಬೈಲಿಗೆ ಕಳಿಸುವ ವೆಬ್ ಸರ್ವರ್ (ಅಪಾಚೆ, ಎಂಜಿನ್‌ಎಕ್ಸ್) ಯಾವುದು, ಪಟ್ಟಿಯನ್ನು ಇಟ್ಟುಕೊಳ್ಳುವ ಡೇಟಾಬೇಸ್ (ಮರಿಯಾಡಿಬಿ, ಪೋಸ್ಟ್‌ಗ್ರೆಸ್) ಯಾವುದು ಅಂತ ಎರಡೆರಡನ್ನೂ ಹಾಕಿ ನೋಡಿದೆ.

ವೆಬ್ ಸರ್ವರಿನ ಮಾತು ಬೇಗ ಮುಗಿಸುತ್ತೇನೆ. ಅಪಾಚೆ 1995ರದ್ದು, ಎಂಜಿನ್‌ಎಕ್ಸ್ 2004ರದ್ದು. ಒಂದೇ ಹೊತ್ತಿಗೆ ಸಾವಿರಾರು ಜನ ಬಂದರೂ ತಡೆದುಕೊಳ್ಳಬೇಕು ಅಂತಲೇ ಎಂಜಿನ್‌ಎಕ್ಸ್ ಹುಟ್ಟಿದ್ದು. ನಮ್ಮಲ್ಲಿ ಭಾನುವಾರ ಒಟ್ಟಿಗೆ ಹತ್ತು ಜನ ಬಂದರೆ ಅದೇ ಜಾತ್ರೆ. ಅಪಾಚೆ ಇನ್‌ಸ್ಟಾಲ್ ಮಾಡಿ, ಅದರ ಪಿಎಚ್‌ಪಿ ಮಾಡ್ಯೂಲ್ ಸೇರಿಸಿ, ಫೈಲುಗಳನ್ನು ಅದರ ಫೋಲ್ಡರಿಗೆ ಹಾಕಿದೆ. ಪುಟ ಬಂತು. ಎಂಜಿನ್‌ಎಕ್ಸ್ ತಾನಾಗಿ ಪಿಎಚ್‌ಪಿ ಓಡಿಸುವುದಿಲ್ಲ. ಪಕ್ಕದಲ್ಲಿ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಇರಬೇಕು, ಅದರ ಸಾಕೆಟ್ (ಎರಡೂ ಮಾತಾಡಿಕೊಳ್ಳುವ ಕಿಂಡಿ) ಎಲ್ಲಿದೆ ಅಂತ ಸರಿಯಾಗಿ ಬರೆಯಬೇಕು. ನಾನು ಮನೆಯ ಹಳೇ ಮೆಷಿನಿನ ಕಾನ್ಫಿಗರೇಶನ್ ಫೈಲನ್ನೇ ತಂದು ಹಾಕಿದ್ದೆ. ಅದರಲ್ಲಿ ಸಾಕೆಟ್ಟಿನ ಹೆಸರು 7.4 ಅಂತ ಇತ್ತು, ಡೆಬಿಯನ್ 12ರಲ್ಲಿರುವುದು ಪಿಎಚ್‌ಪಿ 8.2. ಪರದೆ ತುಂಬ 502 ಅನ್ನುವ ತಪ್ಪಿನ ಸಂದೇಶ. ಆ ಒಂದು ಅಂಕೆ ಹುಡುಕಲು ಒಂದು ಸಂಜೆ ಹೋಯಿತು. ವೇಗದಲ್ಲಿ ಎರಡಕ್ಕೂ ವ್ಯತ್ಯಾಸ ನನಗಂತೂ ಕಾಣಲಿಲ್ಲ. ಅಪಾಚೆಯನ್ನೇ ಇಟ್ಟುಕೊಂಡೆ. ನಾನು ಊರಲ್ಲಿಲ್ಲದಾಗ ಹೈಸ್ಕೂಲಿನ ಹುಡುಗನೊಬ್ಬ ಬಿಚ್ಚಿ ನೋಡಿದರೂ ಅವನಿಗೆ ಅರ್ಥ ಆಗಬೇಕು.

ಡೇಟಾಬೇಸಿನ ಕತೆ ಹಾಗಲ್ಲ. ಮೊದಲು ಹಾಕಿದ್ದು ಮರಿಯಾಡಿಬಿ. ಕಾರಣ ಸುಲಭ: ಹಿಂದೊಮ್ಮೆ ಯಾರೋ ಬಾಡಿಗೆ ಸರ್ವರಿನಲ್ಲಿ ಮಾಡಿಟ್ಟ ಪಟ್ಟಿಯ ಮೈಎಸ್‌ಕ್ಯೂಎಲ್ ಡಂಪ್, ಅಂದರೆ ಆ ಡೇಟಾಬೇಸಿನ ಪೂರ್ತಿ ನಕಲಿನ ಫೈಲು, ನಮ್ಮ ಹತ್ತಿರ ಇತ್ತು. ಮರಿಯಾಡಿಬಿ ಅದೇ ಮನೆತನದ್ದು, ಡಂಪನ್ನು ತಕರಾರಿಲ್ಲದೆ ನುಂಗಿತು. ಅದರ ಜೊತೆ ಹಳೇ ರೋಗವೂ ಬಂತು. ಟೇಬಲುಗಳೆಲ್ಲ ಮೈಐಸಾಮ್ ಅನ್ನುವ ಹಳೇ ಶೇಖರಣಾ ಮಾದರಿಯವು. ಅಕ್ಟೋಬರಿನಲ್ಲಿ ಒಂದು ಸಂಜೆ ಸಿಡಿಲು ಹೊಡೆದು ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಮತ್ತೆ ಆನ್ ಮಾಡಿದರೆ ಪುಸ್ತಕದ ಟೇಬಲ್ ಕ್ರ್ಯಾಶ್ ಆಗಿದೆ ಅನ್ನುತ್ತದೆ. ರಿಪೇರಿ ಕಮಾಂಡ್ ಕೊಟ್ಟು ಉಳಿಸಿಕೊಂಡೆ. ಅದೇ ರಾತ್ರಿ ಎಲ್ಲವನ್ನೂ ಇನ್ನೋಡಿಬಿ ಅನ್ನುವ ಮಾದರಿಗೆ ಬದಲಿಸಿದೆ. ಅದು ಬದಲಾವಣೆಯನ್ನು ಮೊದಲು ಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಕರೆಂಟು ಬಂದ ಮೇಲೆ ಆ ಲಾಗ್ ಓದಿ ತಾನೇ ಸರಿಯಾಗುತ್ತದೆ. ಪೋಸ್ಟ್‌ಗ್ರೆಸ್ ಕೂಡ ಹಾಗೆಯೇ. ಆದ್ದರಿಂದ ಈ ಸಿಡಿಲನ್ನು ಮರಿಯಾಡಿಬಿಯ ಲೆಕ್ಕಕ್ಕೆ ಹಾಕುವುದು ಸರಿಯಲ್ಲ.

ಡಂಪಿನಲ್ಲಿ ಇನ್ನೊಂದು ಚಂದ ಇತ್ತು. ಶೀರ್ಷಿಕೆಗೆ 50 ಅಕ್ಷರದ ಮಿತಿ. ಹಳೇ ಸರ್ವರ್ ಅದಕ್ಕಿಂತ ಉದ್ದದ್ದನ್ನು ಸದ್ದಿಲ್ಲದೆ ಕತ್ತರಿಸಿತ್ತು. ಒಂದು ಹೆಸರಂತೂ ಒತ್ತಕ್ಷರದ ನಡುವೆಯೇ ತುಂಡಾಗಿ ಬರೀ ‘ಕ್’ ಅಂತ ನಿಂತಿತ್ತು. ಈಗಿನ ಮರಿಯಾಡಿಬಿ ಹಾಗೆ ಕತ್ತರಿಸುವುದಿಲ್ಲ, ತಪ್ಪು ಅಂತ ಹೇಳುತ್ತದೆ.

ಆದರೆ ಅಕ್ಷರ ಅಂದರೆ ಎಷ್ಟು? ‘ಕಾಸರಗೋಡು’ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಕಾಗುಣಿತದ ಚಿಹ್ನೆಗಳೂ ಬೇರೆ ಬೇರೆ, ಒಟ್ಟು 8. ಒಂದೊಂದಕ್ಕೂ 3 ಬೈಟ್. ಪೋಸ್ಟ್‌ಗ್ರೆಸ್ಸಿನಲ್ಲಿ ಲೆಂತ್ ಕೇಳಿದರೆ 8 ಅನ್ನುತ್ತದೆ, ಮರಿಯಾಡಿಬಿಯಲ್ಲಿ ಅದೇ ಲೆಂತ್ 24 ಅನ್ನುತ್ತದೆ. ಅದಕ್ಕೆ ಬೈಟ್ ಲೆಕ್ಕ. ಅಕ್ಷರದ ಲೆಕ್ಕ ಬೇಕಾದರೆ ಕ್ಯಾರ್ ಲೆಂತ್ ಅಂತ ಬೇರೆ ಕೇಳಬೇಕು.

ಸುಮ್ನೆ ಆಟಕ್ಕೆ ಇದನ್ನು ಇಡೀ ಪಟ್ಟಿಯ ಮೇಲೆ ಓಡಿಸಿದಾಗ ಕಳ್ಳ ಸಿಕ್ಕಿಬಿದ್ದ. ಕೆಲವು ಸಾಲುಗಳಲ್ಲಿ ‘ಕಾಸರಗೋಡು’ 8ರ ಬದಲು 9 ಆಗಿತ್ತು. ಯಾರೋ ‘ಗೋ’ ಬರೆಯುವಾಗ ಮೊದಲು ‘ಗೊ’ ಒತ್ತಿ, ಆಮೇಲೆ ದೀರ್ಘವನ್ನು ಬೇರೆ ಕೀಲಿಯಿಂದ ಸೇರಿಸಿದ್ದಾರೆ. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಮಾತ್ರ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ‘ಪುಸ್ತಕ ಕಪಾಟಿನಲ್ಲಿ ಉಂಟು, ನಿನ್ನ ಕಂಪ್ಯೂಟರಿನಲ್ಲಿ ಇಲ್ಲ, ಇದೆಂತದು ಮಾರಾಯಾ?’ ಅಂತ ಮಾಷ್ಟ್ರು ತಿಂಗಳಿಂದ ಕೇಳುತ್ತಿದ್ದದ್ದು ಇದನ್ನೇ.

ಪೋಸ್ಟ್‌ಗ್ರೆಸ್ ನನಗೆ ಹಿಡಿಸಿದ್ದು ಇಲ್ಲಿ. 13ನೇ ಆವೃತ್ತಿಯಿಂದ ಅದರಲ್ಲಿ ನಾರ್ಮಲೈಜ್ ಅನ್ನುವ ಫಂಕ್ಷನ್ ಇದೆ. ಒಂದು ಸಾಲು ಬರೆದರೆ ಬಿಡಿಬಿಡಿ ದೀರ್ಘಗಳೆಲ್ಲ ಕೂಡಿಕೊಳ್ಳುತ್ತವೆ. ಮರಿಯಾಡಿಬಿಯಲ್ಲಿ ಅದಿಲ್ಲ. ಅಲ್ಲಿ ಒಂದೊಂದು ಕಾಗುಣಿತಕ್ಕೆ ಒಂದೊಂದು ರಿಪ್ಲೇಸ್ ಬರೆದಿದ್ದೆ. ಐದಾರು ಸಾಲಿನ ಕೆಲಸ, ಅಸಾಧ್ಯವೇನಲ್ಲ, ಆದರೆ ಒಂದನ್ನು ಮರೆತಿದ್ದೆ.

ಮಲಯಾಳದ ಚಿಲ್ಲಕ್ಷರಕ್ಕೆ (ಸ್ವರ ಸೇರದ ವ್ಯಂಜನದ ಬೇರೆ ರೂಪ) ಮಾತ್ರ ಇಬ್ಬರೂ ಕೈ ಚೆಲ್ಲಿದರು. 2008ರಲ್ಲಿ ಅಕ್ಷರಗಳಿಗೆ ಕೋಡ್ ಕೊಡುವ ಯೂನಿಕೋಡಿನ 5.1ನೇ ಆವೃತ್ತಿ ಚಿಲ್ಲುಗಳಿಗೆ ಸ್ವಂತ ಜಾಗ ಕೊಟ್ಟಿತು. ಅದಕ್ಕೆ ಮುಂಚಿನ ರೀತಿಯಲ್ಲಿ ಮೂರು ಕೋಡ್ ಜೋಡಿಸಿ ಬರೆದದ್ದೂ ನಮ್ಮ ಪಟ್ಟಿಯಲ್ಲಿತ್ತು. ನಾರ್ಮಲೈಜ್ ಇವೆರಡನ್ನು ಒಂದೇ ಅಂತ ಒಪ್ಪುವುದಿಲ್ಲ. ಕೊನೆಗೆ ಕೈಯಲ್ಲೇ ಬದಲಿಸಿದೆ.

ಪೋಸ್ಟ್‌ಗ್ರೆಸ್ಸಿನ ಕಿರಿಕಿರಿಗಳೂ ಇವೆ. ಡಂಪ್ ನೇರ ಹೋಗಲಿಲ್ಲ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳ ಫೈಲು) ಮಾಡಿ ಹಾಕಬೇಕಾಯಿತು. ಒಂದು ಸಾಲು ತಪ್ಪಿದರೂ ಇಡೀ ಕಾಪಿ ನಿಲ್ಲುತ್ತದೆ. ಮೊದಲ ದಿನ ಪೀರ್ ಆಥೆಂಟಿಕೇಶನ್ ಫೇಲ್ ಅಂತ ಬಾಗಿಲಲ್ಲೇ ನಿಲ್ಲಿಸಿತು: ಲಿನಕ್ಸಿನ ಬಳಕೆದಾರ ಯಾರೋ ಡೇಟಾಬೇಸಿಗೂ ಅವನೇ ಬರಬೇಕು ಅನ್ನುವ ನಿಯಮ. ಬೈಯುವ ಮೊದಲು ನೆನಪಿರಲಿ, ಡೆಬಿಯನ್ನಿನ ಮರಿಯಾಡಿಬಿ ಕೂಡ ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಹೀಗೇ ಮಾಡುತ್ತದೆ. ಹುಡುಕುವಾಗ ಪದದ ವಿಭಕ್ತಿ ಮುಂತಾದ ಕೊನೆಗಳನ್ನು ಬಿಡಿಸಿ ನೋಡುವ ಸೌಲಭ್ಯ ಪೋಸ್ಟ್‌ಗ್ರೆಸ್ಸಿನಲ್ಲಿ ತಮಿಳಿಗೆ ಇದೆ, ಹಿಂದಿಗೆ ಇದೆ, ನೇಪಾಳಿಗೂ ಇದೆ. ನಮ್ಮ ಕಪಾಟಿನ ಮೂರು ಭಾಷೆಗಳಲ್ಲಿ ಒಂದಕ್ಕೂ ಇಲ್ಲ. ರ‍್ಯಾಮಿನ ಮಟ್ಟಿಗೆ ಜಗಳವೇ ಇಲ್ಲ, ಎರಡೂ ತಮ್ಮ ಮುಖ್ಯ ಬಫರಿಗೆ ಶುರುವಿನಲ್ಲಿ ಇಟ್ಟುಕೊಳ್ಳುವುದು 128 ಎಂಬಿ.

ನಿಮಗೆ ವರ್ಡ್‌ಪ್ರೆಸ್ ಬೇಕಿದ್ದರೆ ಯೋಚನೆ ಬೇಡ, ಮರಿಯಾಡಿಬಿ ಹಾಕಿ. ನಮ್ಮಲ್ಲಿ ಈಗ ಓಡುತ್ತಿರುವುದು ಅಪಾಚೆ ಮತ್ತು ಪೋಸ್ಟ್‌ಗ್ರೆಸ್. ಹೊಸ ಪುಸ್ತಕ ಸೇರಿಸುವ ಪುಟದಲ್ಲೇ ನಾರ್ಮಲೈಜ್ ಇಟ್ಟಿದ್ದೇನೆ. ‘ಮಂಗಳೂರು’ ಅಂತ ಹುಡುಕಿದರೆ ‘ಮಂಗಳೂರಿನ’ ಬರುವುದಿಲ್ಲ ಅಂತ ಮಾಷ್ಟ್ರಿಗೆ ಹೇಳಿದ್ದೆ. ಅವರೀಗ ಕೊನೆಯ ಕೊಂಬು ಬಿಟ್ಟು ‘ಮಂಗಳೂರ’ ಅಂತ ಒತ್ತುತ್ತಾರೆ, ಎರಡೂ ಬರುತ್ತವೆ.