ಸೆಂಟ್ರಲ್ ಸ್ಕೌಟಿಂಗ್ ಲಿಸ್ಟಾ, ಬಾಬ್ ಮೆಕೆಂಜಿ ಲಿಸ್ಟಾ?
ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದೇ ಡ್ರಾಫ್ಟ್. ಅದಕ್ಕೆ ಮುಂಚೆ ಆ ಹುಡುಗರ ರ‍್ಯಾಂಕ್ ಲಿಸ್ಟ್ ಇವೆರಡೂ ಬರುತ್ತೆ, ಆದ್ರೆ ಓದೋ ರೀತಿನೇ ಬೇರೆ. ಸೆಂಟ್ರಲ್ ಸ್ಕೌಟಿಂಗ್ ಲೀಗ್‌ದೇ ವಿಭಾಗ, ಅವ್ರು ಉತ್ತರ ಅಮೆರಿಕ ಬೇರೆ ಯುರೋಪ್ ಬೇರೆ, ಅದ್ರಲ್ಲೂ ಗೋಲ್‌ಕೀಪರ್‌ಗಳು ಬೇರೆ ಅಂತ ನಾಲ್ಕು ಲಿಸ್ಟ್ ಕೊಡ್ತಾರೆ, ಹಾಗಾಗಿ ಯುರೋಪ್ ಲಿಸ್ಟಲ್ಲಿ 10ನೇ ನಂಬರ್ ಅಂದ್ರೆ ಡ್ರಾಫ್ಟಲ್ಲೂ 10ನೇ ಪಿಕ್ ಅಂತ ದಯವಿಟ್ಟು ಅಂದ್ಕೋಬೇಡಿ. ಹಾಕಿ ಪತ್ರಕರ್ತ ಮೆಕೆಂಜಿ ಕೆನಡಾದ ಸ್ಪೋರ್ಟ್ಸ್ ಚಾನೆಲ್ ಟಿಎಸ್‌ಎನ್‌ಗೆ ಮಾಡೋದು ಟೀಮ್‌ಗಳ ಸ್ಕೌಟ್‌ಗಳನ್ನೇ (ಹೊಸ ಆಟಗಾರರನ್ನ ಹುಡುಕೋರು) ಕೇಳಿ ಎಲ್ರನ್ನೂ ಒಂದೇ ಸಾಲಲ್ಲಿ ನಿಲ್ಲಿಸೋ ಲಿಸ್ಟ್, ಯಾರು ಎಷ್ಟನೇಯವ್ರಾಗಿ ಹೋಗ್ತಾರೆ ಅನ್ನೋಕೆ ನಾನು ಇದನ್ನೇ ನಂಬೋದು.

ಹುಡುಗ ಮುಂದೆ ಏನಾಗ್ತಾನೆ ಅನ್ನೋಕೆ ಮಾತ್ರ ಎರಡೂ ಸಾಲಲ್ಲ. ಆಮೇಲೆ ದೊಡ್ಡ ಸ್ಟಾರ್‌ಗಳಾದ ಇಬ್ಬರನ್ನ ನೋಡಿ: ನಿಕಿತಾ ಕುಚೆರೊವ್ 2011ರಲ್ಲಿ 58ನೇ ಪಿಕ್, ಬ್ರೇಡನ್ ಪಾಯಿಂಟ್ 2014ರಲ್ಲಿ 79ನೇ! ರ‍್ಯಾಂಕ್ ಜೊತೆ ಹುಟ್ಟಿದ ದಿನಾಂಕನೂ ನೋಡಿ, 18 ತುಂಬೋಕೆ ಕಟ್‌ಆಫ್ ಸೆಪ್ಟೆಂಬರ್ 15, ಹಾಗಾಗಿ ಒಂದೇ ಡ್ರಾಫ್ಟಲ್ಲಿ ಹತ್ರಹತ್ರ ಒಂದು ವರ್ಷ ಚಿಕ್ಕ ಹುಡುಗನೂ ಇರ್ತಾನೆ.