ದಿನದ ಊಟವೋ, ಬಾಳಿಕೆಯ ತಿನಿಸೋ: ಮನೆಯ ಅಡುಗೆಮನೆಯಿಂದ ವ್ಯಾಪಾರ ಆರಂಭಿಸುವವರಿಗೆ

ಮನೆಯ ಅಡುಗೆಮನೆಯಿಂದಲೇ ವ್ಯಾಪಾರ ಆರಂಭಿಸಬೇಕೆಂದಿರುವ ನೀವು, ಪ್ರತಿದಿನ ಬಿಸಿ ಊಟ ಕಳುಹಿಸುವುದು ಒಳ್ಳೆಯದೋ, ಜಾಮ್, ಬಿಸ್ಕತ್ತಿನಂತಹ ಬಾಳಿಕೆ ಬರುವ ತಿನಿಸು ಮಾರುವುದು ಒಳ್ಳೆಯದೋ ಎಂದು ಕೇಳಿದ್ದೀರಿ.

ಬಂಡವಾಳದ ದೃಷ್ಟಿಯಿಂದ ಊಟವೇ ಹಗುರ. ಇರುವ ಪಾತ್ರೆಗಳಲ್ಲೇ ಐದಾರು ಜನರಿಗೆ ಅಡುಗೆ ಮಾಡಿ, ಬಂದ ಹಣದಿಂದಲೇ ಮರುದಿನದ ತರಕಾರಿ ಕೊಳ್ಳಬಹುದು. ತಿನಿಸಿಗಾದರೆ ಬಾಟಲಿ, ಮುಚ್ಚಳ, ಲೇಬಲ್ಲುಗಳಿಗೆ ಮೊದಲೇ ಹಣ ಹಾಕಿ, ಸರಕು ಮಾರಾಟವಾಗುವವರೆಗೆ ಕಾಯಬೇಕಾಗುತ್ತದೆ.

ನಾನು ಹೆಚ್ಚು ತೂಕ ಕೊಡುವುದು ಸುರಕ್ಷತೆಗೆ. ಬೇಯಿಸಿದ ಆಹಾರವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಾಗ ಅದರಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಆಳವಾದ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನವು ಮೇಲೆ ತಣ್ಣಗಾಗಿದ್ದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುವುದರಿಂದ, ಉಳಿದದ್ದನ್ನು ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬೇಗ ತಣಿಸಿ, ಫ್ರಿಜ್‌ನಲ್ಲಿಡಬೇಕು. ಜಾಮನ್ನು ಸಕ್ಕರೆ ಮತ್ತು ಹುಳಿ ಕೆಡದಂತೆ ಕಾಯುತ್ತವೆ. ಆದರೆ ಪಿಎಚ್ 4.6ಕ್ಕಿಂತ ಹೆಚ್ಚಿರುವ, ಅಂದರೆ ಹುಳಿ ಕಡಿಮೆಯಿರುವ ತರಕಾರಿಯಂತಹ ಪದಾರ್ಥವನ್ನು ಗಾಳಿಯಾಡದಂತೆ ಬಾಟಲಿಗೆ ತುಂಬಿದರೆ ಬಾಟ್ಯುಲಿಸಂ ಎಂಬ ಕಾಯಿಲೆ ಉಂಟುಮಾಡುವ ಮಾರಕ ವಿಷ ಹುಟ್ಟಬಹುದಾದ್ದರಿಂದ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ದುಡಿಮೆಯ ಲಯವೂ ಬೇರೆ. ಊಟಕ್ಕೆ ಹೊತ್ತು ತಪ್ಪುವಂತಿಲ್ಲ; ತಿನಿಸನ್ನು ಬಿಡುವಾದಾಗ ಮಾಡಿಡಬಹುದು. ಪರವಾನಗಿಯನ್ನಂತೂ ಎರಡಕ್ಕೂ ಮೊದಲೇ ವಿಚಾರಿಸಿಕೊಳ್ಳಿ.

ಕೈಯಲ್ಲಿ ಹಣ ಕಡಿಮೆಯಿದ್ದು, ಬೆಳಗಿನ ಹೊತ್ತು ಪೂರ್ತಿ ನಿಮ್ಮದಾಗಿದ್ದು, ಹತ್ತಿರದಲ್ಲೇ ಗ್ರಾಹಕರಿದ್ದರೆ ಊಟವನ್ನು ಆರಿಸಿಕೊಳ್ಳಿ. ಉದ್ಯೋಗದಲ್ಲಿದ್ದು ವಾರಕ್ಕೆರಡು ದಿನ ಮಾತ್ರ ಬಿಡುವಿರುವವರಿಗೆ, ಅಥವಾ ಗ್ರಾಹಕರು ದೂರದಲ್ಲಿರುವವರಿಗೆ, ಬಾಳಿಕೆಯ ತಿನಿಸೇ ಹೊಂದುತ್ತದೆ.